ಸಣ್ಣೈದನ ಆನೆ ಕಾಸು

ಹೊಳೆದಂಡೆಯ ಪೇಟೆಗೆ ಹತ್ತಿರದ ಒಂದೂರಲ್ಲಿ ಮಾದೇವಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಸಣ್ಣೈದ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ಹೊಸಿಲಾಚೆಗೇ ನಿಂತಿತ್ತು. ಹೇಳಿದ್ದನ್ನ ಮಾಡ್ತಿದ್ದ. ಹೇಳಿದಷ್ಟನ್ನೇ ಮಾಡ್ತಿದ್ದ. ಅದೇ ಅವಳ ಗೋಳು. "ಬಾಗಿಲು ನೋಡ್ಕೊಳ್ಳಪ್ಪ" ಅಂದರೆ ಬಾಗಿಲನ್ನೇ ನೋಡ್ತಾ ಕೂರ್ತಿದ್ದ. ಹಿತ್ತಲ ಕಡೆಯಿಂದ ನಾಯಿ ಬಂದು ಮುದ್ದೆ ತಿಂದು ಹೋಗ್ತಿತ್ತು.

ಒಂದು ದಿನ ಹಳೇ ಒಲೆ ಕಿತ್ತಾಗ ಅಡಿಯಲ್ಲಿ ಒಂದು ಕುಡಿಕೆ ಸಿಕ್ಕಿತು. ಒಳಗೆ ಒಂದಿಷ್ಟು ಆನೆ ಕಾಸು. ಹಳೇ ಕಾಲದ ತಾಮ್ರದ ಬಿಲ್ಲೆ, ಒಂದು ಮಗ್ಗುಲಲ್ಲಿ ಆನೆ. ಮಾದೇವಮ್ಮನಿಗೆ ಒಂದು ಎಮ್ಮೆ ಕಟ್ಟೋ ಆಸೆ. ಪೇಟೆಯ ಲೋಕಪ್ಪ ಶೆಟ್ಟರು ಹಳೇ ನಾಣ್ಯ ಕೊಳ್ತಾರೆ ಅಂತ ಕೇಳಿದ್ದಳು. ಅವಳಿಗೆ ಮಂಡಿನೋವು, ನಡೆಯೋ ಹಾಗಿಲ್ಲ. ಎಲ್ಲಾ ಒಟ್ಟಿಗೆ ಕೊಟ್ಟರೆ ಮಗ ಕಳೆದಾನು ಅಂತ ಒಂದೇ ಒಂದು ಕಾಸು ಕೊಟ್ಟಳು.

"ಪೇಟೆಗೆ ಕೊಳಕಾಗಿ ಹೋಗಬ್ಯಾಡ ಕಣ್ಲಾ. ಚೆನ್ನಾಗಿ ತಿಕ್ಕಿ ತೊಳ್ಕೊಂಡು ಹೋಗು."

ಸಣ್ಣೈದ ಹುಣಸೆಹಣ್ಣು, ಬೂದಿ ತಗೊಂಡು ಕಾಸನ್ನ ತಿಕ್ಕಿದ. ಫಳಫಳ ಅನ್ನೋವರೆಗೂ ತಿಕ್ಕಿದ. ಮೈ ಮಾತ್ರ ತೊಳೀಲಿಲ್ಲ.

ಶೆಟ್ಟರು ಕನ್ನಡಕ ಏರಿಸಿದರು. "ಅಲ್ಲಯ್ಯ, ನೂರು ವರ್ಷದ ಬಣ್ಣವನ್ನ ಬೆಳಗ್ಗೆ ಕೂತು ತಿಕ್ಕಿ ಹಾಕಿದ್ಯಲ್ಲ. ತಿಕ್ಕಿದ ಕಾಸಿಗೆ ಬೆಲೆ ಇಲ್ಲ. ಮಣ್ಣಲ್ಲಿ ಹೆಂಗಿತ್ತೋ ಹಂಗೇ ತರಬೇಕು. ಇದನ್ನಿಲ್ಲೇ ಬಿಟ್ಟು ಹೋಗು." ಬೆಲೆ ಇಲ್ಲದ ಕಾಸನ್ನ ತಮ್ಮ ತಟ್ಟೆಗೆ ಹಾಕ್ಕೊಂಡರು.

ಮಾದೇವಮ್ಮ ಹಣೆ ಬಡ್ಕೊಂಡಳು. "ಇನ್ನಾದರೂ ಶೆಟ್ಟರು ಹೇಳಿದಂಗೆ ಮಾಡ್ಲಾ."

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಮಾರನೇ ದಿನ ಒಂದು ಮಂಕರಿ ಮಣ್ಣು ತುಂಬಿ, ನಡುವೆ ಕಾಸು ಹೂತು, ಹೊತ್ತುಕೊಂಡು ಹೋಗಿ ಶೆಟ್ಟರ ಬಿಳೀ ಹಾಸಿನ ಮೇಲೆ ಸುರಿದ. ಶೆಟ್ಟರು ಕೆಮ್ಮಿದರು, ಸೀನಿದರು, ಮಣ್ಣು ಕೆದಕಿ ಕಾಸು ತೆಗೆದರು.

"ನೋಡು, ನಿನ್ನ ಬೆರಳಿನ ಬೆವರು ಅಂಟಿ ಕಲೆ ಆಗಿದೆ. ಕಲೆ ಆದರೆ ಬೆಲೆ ಇಲ್ಲ. ನಾಣ್ಯಕ್ಕೆ ಬೆರಳು ತಾಗಿಸಬಾರದು. ಅಂಚು ಮಾತ್ರ ಹಿಡೀಬೇಕು."

ಆ ಕಾಸೂ ತಟ್ಟೆಗೆ ಬಿತ್ತು.

"ಅಯ್ಯೋ ನನ್ನ ಹಣೆಬರವೇ, ಬೆರಳು ತಾಗಿಸಬ್ಯಾಡ್ಲಾ" ಅಂದಳು ಅವ್ವ.

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಬೆರಳು ತಾಗಿಸಲಿಲ್ಲ. ಅಂಚನ್ನ ಹಲ್ಲಲ್ಲಿ ಕಚ್ಚಿಕೊಂಡು ಹೋದ. ದಾರಿಯಲ್ಲಿ ಎಡವಿದ. ಹಲ್ಲು ನಾಟಿತು. ಶೆಟ್ಟರು ಜೊಲ್ಲು ಒರೆಸಿ, ಭೂತಗನ್ನಡಿ ಹಿಡಿದು ನೋಡಿದರು.

"ಆನೆಗೆ ನೀನು ಕಚ್ಚಿದ್ದೀಯ. ಮೊದಲೇ ಸವೆದ ಕಾಸು ಬೇರೆ. ಆನೆಯ ದಂತ ಎದ್ದು ಕಾಣ್ತಿದ್ದರೆ ಒಂದು ಬೆಲೆ, ಸವೆದು ಹೋದರೆ ಇನ್ನೊಂದು ಬೆಲೆ. ದಂತ ಕಾಣೋ ಹಂಗೆ ತಾ."

ಸಣ್ಣೈದ ಮನೆಗೆ ಬಂದು ಮೊಳೆ, ಸುತ್ತಿಗೆ ತಗೊಂಡ. ನಾಲ್ಕನೇ ಕಾಸಿನ ಆನೆಗೆ ದಂತ ಕೊರೆದ. ಜಾಗ ಮಿಕ್ಕಿತ್ತು, ಮೇಲೊಬ್ಬ ಮಾವುತನನ್ನೂ ಕೂರಿಸಿದ. ಶೆಟ್ಟರು ಕನ್ನಡಕ ತೆಗೆದು, ಒರೆಸಿ, ಹಾಕ್ಕೊಂಡು ಇನ್ನೊಮ್ಮೆ ನೋಡಿದರು. ಆದರೂ ತಟ್ಟೆಗೆ ಹಾಕ್ಕೊಂಡರು.

ಕುಡಿಕೆಯಲ್ಲಿ ಕೊನೇ ಕಾಸು ಉಳಿಯಿತು. ಅದು ಮಾತ್ರ ಬಲು ಚೆಂದ. ದಂತ, ಸೊಂಡಿಲು, ಬಾಲ ಎಲ್ಲಾ ಇದ್ದವು. ಮಾದೇವಮ್ಮ ತಾನೇ ಕಾಗದದಲ್ಲಿ ಸುತ್ತಿ ಮಗನ ಜೇಬಿಗೆ ಹಾಕಿದಳು.

"ನಿನ್ನ ಕಾಲಿಗೆ ಬೀಳ್ತೀನಿ ಕಣಪ್ಪ, ಇದಕ್ಕೆ ಏನೂ ಮಾಡಬ್ಯಾಡ. ಬೆಲೆ ಹೆಂಗೆ ಬತ್ತದೆ ಅಂತ ಅವರನ್ನೇ ಕೇಳು."

ಆ ದಿನ ಅಂಗಡಿಯಲ್ಲಿ ನಾಣ್ಯ ಕೂಡಿಡೋ ಹುಚ್ಚಿನ ವಕೀಲರೊಬ್ಬರು ಕೂತಿದ್ದರು. ಶೆಟ್ಟರು ತಟ್ಟೆಯಿಂದ ಒಂದು ಆನೆ ಕಾಸು ಎತ್ತಿ, "ಸ್ವಾಮಿ, ಇಂಥದ್ದು ದುರ್ಬೀನು ಹಾಕಿ ಹುಡುಕಿದರೂ ಸಿಗಲ್ಲ" ಅಂತಿದ್ದರು. ಸಣ್ಣೈದನ ಕಾಸು ನೋಡಿದ್ದೇ ಶೆಟ್ಟರ ಕಣ್ಣರಳಿತು. ಬಾಯಿ ಮಾತ್ರ ಬೇರೆ ಹೇಳಿತು.

"ಪರವಾಗಿಲ್ಲ ಕಣಯ್ಯ. ಆದರೆ ಇಂಥವು ನನ್ನ ತಟ್ಟೆ ತುಂಬಾ ಇವೆ ನೋಡು. ಇದೊಂದೇ ಇದ್ದಿದ್ದರೆ ಒಂದು ಎಮ್ಮೆಯ ಬೆಲೆ. ಈಗ ಒಂದು ಕಾಫಿ ಕೊಡಿಸ್ತೀನಿ."

ವಕೀಲರು ಹುಬ್ಬೇರಿಸಿ ಶೆಟ್ಟರನ್ನ ನೋಡಿದರು. ಸಣ್ಣೈದ ತಟ್ಟೆಯನ್ನ ನೋಡಿದ. ಕಾಸನ್ನ ಜೇಬಿಗೆ ಹಾಕ್ಕೊಂಡ, ತಟ್ಟೆ ಎತ್ತಿಕೊಂಡ, ಓಡಿದ. ಬೀದಿ ದಾಟಿದರೆ ಹೊಳೆ. ಶೆಟ್ಟರು ಪಂಚೆ ಎತ್ತಿಕೊಂಡು ಹೊಳೆಯ ಮೆಟ್ಟಿಲ ಹತ್ತಿರ ಬರೋ ಹೊತ್ತಿಗೆ ಆನೆಗಳೆಲ್ಲಾ ನೀರಿಗಿಳಿದಿದ್ದವು.

"ಈಗ ಇದೊಂದೇ ಶೆಟ್ರೇ. ಎಮ್ಮೆ ಕೊಡಿ."

ಶೆಟ್ಟರು ಮೆಟ್ಟಿಲ ಮೇಲೆ ಕುಸಿದು ಕೂತರು. ಹಿಂದೆಯೇ ಬಂದ ವಕೀಲರಿಗೆ ನಗು ತಡೆಯಲಾಗಲಿಲ್ಲ. "ಕೊಡಪ್ಪ ಇಲ್ಲಿ. ಎಮ್ಮೆಯ ಬೆಲೆ ನಾನು ಕೊಡ್ತೀನಿ" ಅಂತ ಚೀಲಕ್ಕೆ ಕೈ ಹಾಕಿದರು.

ಸಣ್ಣೈದ ತಲೆ ಕೆರೆದುಕೊಂಡ. ಹುಟ್ಟಿದಂದಿನಿಂದ ಮೊದಲ ಸಲ ತಾನೇ ಒಂದು ಯೋಚನೆ ಮಾಡಿದ.

"ಸ್ವಾಮಿ, ತಟ್ಟೆ ತುಂಬಾ ಇದ್ದಾಗ ಕಾಫಿ. ಒಂದೇ ಆದಾಗ ಎಮ್ಮೆ. ಒಂದೂ ಇಲ್ಲದಿದ್ದರೆ?"

"ಒಂದೂ ಇಲ್ಲದಿದ್ದರೆ ಬೆಲೆ ಕಟ್ಟೋಕೇ ಆಗಲ್ಲಪ್ಪ" ಅಂದರು ವಕೀಲರು, ನಗ್ತಾ.

ಕಾಸು ಹೊಳೆಗೆ ಬಿತ್ತು.

ಸಣ್ಣೈದ ಕುಣಿಯುತ್ತಾ ಮನೆಗೆ ಬಂದ. "ಅವ್ವಾ, ನಮ್ಮ ಕಾಸಿಗೆ ಬೆಲೆ ಕಟ್ಟೋಕೇ ಆಗಲ್ವಂತೆ." ಮಾದೇವಮ್ಮನಿಗೆ ಕಣ್ಣು ತುಂಬಿ ಬಂತು. ದೇವರ ಮುಂದೆ ದೀಪ ಹಚ್ಚಿದಳು. "ದುಡ್ಡೆಲ್ಲಿ ಮಗಾ" ಅಂತ ಕೇಳೋದರೊಳಗೆ ಅವನು ಸುತ್ತಿಗೆ ತಗೊಂಡು ಹಿತ್ತಲಿಗೆ ಹೋಗಿದ್ದ. ಎಮ್ಮೆಗಳಿಗೆ ಗೂಟ ಹೊಡೀತಿದ್ದ. ಬೆಲೆ ಕಟ್ಟೋಕೇ ಆಗದ ಮೇಲೆ ಗೂಟ ಎಷ್ಟು ಅಂತ ಹೇಳೋರು ಯಾರು? ಬೇಲಿ ಮುಗಿಯೋವರೆಗೂ ಹೊಡೆದ. ಆಮೇಲೆ ಬೇಲಿ ಹಾರಿ ಪಕ್ಕದ ಮನೆಯವರ ಹಿತ್ತಲಲ್ಲೂ ಹೊಡೆಯೋಕೆ ಶುರು ಮಾಡಿದ.