ಅಳದ ಕುಂಬಾರಗಿತ್ತಿ

"ಗುರುಗಳೇ, ನನ್ನ ತಾಯಿ ತೀರಿಕೊಂಡು ಹದಿಮೂರು ದಿನವಾಯಿತು. ನನ್ನ ಕಣ್ಣಿನಿಂದ ಒಂದು ಹನಿ ನೀರು ಬೀಳಲಿಲ್ಲ. ನನಗೆ ವೈರಾಗ್ಯ ಬಂದಿದೆಯೇ?"

ಕೇಳಿದವನು ಅಡವಯ್ಯ. ಮಠ ಸೇರಿ ಒಂಬತ್ತು ವರ್ಷವಾಗಿತ್ತು. ಗುರುಗಳ ಮುಂದೆ ಮಾತಾಡುವಾಗ ತಮ್ಮ ಉಸಿರು ಅವರಿಗೆ ತಾಗದಿರಲೆಂದು ಬಾಯಿಗೆ ಕೈ ಅಡ್ಡ ಹಿಡಿಯುವುದು ಆ ಮಠದ ಪದ್ಧತಿ. ಅಡವಯ್ಯನೂ ಹಾಗೆ ಹಿಡಿದುಕೊಂಡೇ ಕೇಳಿದ. ಸಾವಿನ ಸುದ್ದಿ ಬಂದ ದಿನವೂ ಅವನು ಬಾವಿಯಿಂದ ನೀರು ಸೇದಿದ್ದ, ಪೂಜೆಗೆ ಹೂ ಬಿಡಿಸಿದ್ದ, ಪಂಕ್ತಿಗೆ ಬಡಿಸಿದ್ದ. ಉಳಿದ ಶಿಷ್ಯರು ಬೆರಗಾಗಿದ್ದರು. ಗುರುಗಳು ಮಾತ್ರ ಆ ವಿಷಯ ಎತ್ತಿರಲಿಲ್ಲ.

ಗುರುಗಳು ಪೂರ್ವಾಶ್ರಮದಲ್ಲಿ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಅವರ ಕತೆಗಳಲ್ಲಿ ಅರ್ಧ ಹಡಗಿನಲ್ಲಿ ಕೇಳಿದವೇ.

"ಕೂತುಕೋ," ಎಂದರು. "ನನ್ನ ಜೊತೆ ಪಾತ್ರೆ ತೊಳೆಯುತ್ತಿದ್ದವನೊಬ್ಬ ಆಫ್ರಿಕಾದ ದಕ್ಷಿಣ ಸೀಮೆಯವನು. ತನ್ನ ಊರಿನದೆಂದು ಅವನು ಇದನ್ನು ಹೇಳಿದ. ನಡುವೆ ಬಾಯಿ ಹಾಕಬೇಡ. ನಿನಗೆ ಎಲ್ಲದಕ್ಕೂ ಅವಸರ."

ಬಂಡೆಗುಡ್ಡಗಳ ನಡುವೆ ಒಂದು ಊರು. ಅಲ್ಲಿಯವರೂ ನಮ್ಮ ಹಾಗೆ ರಾಗಿ ತಿನ್ನುವ ಜನ. ಊರ ಹೊರಗೆ ಹೊಳೆಯಲ್ಲಿ ಒಂದು ಮಡು. ಆ ಮಡುವಿನ ತಳ ಕಂಡವರಿಲ್ಲ. ಅದರೊಳಗೆ ನ್ಜೂಜು ಇದ್ದಾಳೆ ಎಂದು ಅವರ ನಂಬಿಕೆ. ಸೊಂಟದಿಂದ ಮೇಲೆ ಹೆಣ್ಣು, ಕೆಳಗೆ ಮೀನು. ಈ ಹೆಸರು ನಿನ್ನ ನಾಲಿಗೆಗೆ ಹೊರಳುವುದಿಲ್ಲ, ಬಿಡು. ಅವರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೀರಿನವಳು ಎನ್ನುತ್ತಾರೆ, ಅದೂ ದನಿ ತಗ್ಗಿಸಿ.

ನೀರಿನವಳು ತನಗೆ ಹಿಡಿಸಿದವರನ್ನು ಎಳೆದುಕೊಂಡು ಹೋಗುತ್ತಾಳೆ. ಒಂದು ವರ್ಷ ತನ್ನ ಬಳಿ ಇಟ್ಟುಕೊಳ್ಳುತ್ತಾಳೆ. ಬೇರು, ತೊಗಟೆ, ಮದ್ದು ಎಲ್ಲ ಕಲಿಸಿ ತಿರುಗಿ ಕಳಿಸುತ್ತಾಳೆ. ಆ ಊರಿನ ವೈದ್ಯರೆಲ್ಲ ಹಾಗೆ ಹೋಗಿ ಬಂದವರೇ. ಆದರೆ ಒಂದು ಕಟ್ಟಳೆ ಇದೆ. ಹೋದವರಿಗಾಗಿ ಮೇಲೆ ಯಾರೂ ಅಳಬಾರದು. ಒಬ್ಬರು ಅತ್ತರೂ ಸಾಕು, ಹೋದವರು ಹೆಣವಾಗಿ ತೇಲುತ್ತಾರೆ.

ಆ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ. ಅಲ್ಲಿ ಮಡಕೆ ಮಾಡುವುದು ಹೆಂಗಸರ ಕೆಲಸ. ಗಂಡ ಸತ್ತಿದ್ದ. ಇದ್ದವಳು ಒಬ್ಬಳೇ ಮಗಳು, ಶಾಮಿಸೊ ಎಂದು ಹೆಸರು, ಹನ್ನೊಂದು ವರ್ಷ. ಒಂದು ದಿನ ಬೆಳಗ್ಗೆ ತಾಯಿ ಮಗಳು ಊರಿನ ನಾಲ್ಕು ಹೆಂಗಸರ ಜೊತೆ ಮಡುವಿನ ದಡಕ್ಕೆ ಮಣ್ಣು ಅಗೆಯಲು ಹೋದರು. ಬುಟ್ಟಿ ತುಂಬಿತು. ಮಗಳು ಕೈ ತೊಳೆಯುತ್ತೇನೆ ಎಂದು ನೀರಿಗಿಳಿದಳು. ತಾಯಿ ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ತಿರುಗಿ ನೋಡಿದಳು. ಮಗಳಿಲ್ಲ. ನೀರಿನ ಮೇಲೆ ಒಂದು ಬಳೆಯಷ್ಟು ಅಲೆ ಎದ್ದು, ದೊಡ್ಡದಾಗಿ, ದಡಕ್ಕೆ ಬಂದು ಸುಮ್ಮನಾಯಿತು.

ತಾಯಿಯ ತಲೆಯ ಮೇಲಿನ ಬುಟ್ಟಿ ಬಿತ್ತು. ಅವಳು ಚೀರಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅವಳ ಬಾಯಿಯನ್ನು ಬಿಗಿಯಾಗಿ ಮುಚ್ಚಿತು. ಕೈ ತುಂಬ ಹಸಿ ಮಣ್ಣು. ಅವಳ ಹಲ್ಲಿಗೆಲ್ಲ ಮಣ್ಣು ಮೆತ್ತಿಕೊಂಡಿತು.

ಅದು ಮಣ್ಣಿಗೆ ಜೊತೆ ಬಂದಿದ್ದ ಅಂಬುಯಾಳ ಕೈ. ಅಂಬುಯಾ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಊರಿಗೆಲ್ಲ ಹಿರಿಯಳು, ಚಿಕ್ಕಂದಿನಲ್ಲಿ ತಾನೇ ನೀರಿಗೆ ಹೋಗಿ ಬಂದವಳು. ಅವಳು ಕುಂಬಾರಗಿತ್ತಿಯ ಕಿವಿಯಲ್ಲಿ ಹೇಳಿದಳು: "ಅಳಬೇಡ ಮಗಳೇ. ನೀರಿನವಳು ಕೇಳಿಸಿಕೊಳ್ಳುತ್ತಿದ್ದಾಳೆ. ನಿನಗೆ ಮಗಳು ಬೇಕಿದ್ದರೆ ನುಂಗಿಕೋ."

ಕುಂಬಾರಗಿತ್ತಿ ನುಂಗಿಕೊಂಡಳು. ಅಳುವಿನ ಜೊತೆ ಮಣ್ಣೂ ಒಳಗೆ ಹೋಯಿತು.

ಊರಿಗೆ ಊರೇ ಅವಳನ್ನು ಕಾಯತೊಡಗಿತು. ನಡೆದರೆ ಇಬ್ಬರು ಜೊತೆಗೆ, ಕೂತರೆ ಇಬ್ಬರು ಎದುರಿಗೆ. ಎಲ್ಲರೂ ನೋಡುವುದು ಅವಳ ಕಣ್ಣನ್ನೇ. ಮಳೆ ನಿಂತ ಒಂದು ದಿನ ಅವಳು ಮಡಕೆ ಸುಡಲು ಆವಿಗೆ ಹೂಡಿದಳು. ಹಸಿ ಸೌದೆ, ಹೊಗೆ ಎದ್ದಿತು, ಕಣ್ಣು ಉರಿಯಿತು. ಹೆಂಗಸರು ಓಡಿಬಂದು ಅವಳನ್ನು ಎಳೆದುಕೊಂಡು ಹೋದರು. ಹೊಗೆಯ ಕಣ್ಣೀರೋ ದುಃಖದ ಕಣ್ಣೀರೋ, ನೀರಿನವಳಿಗೆ ಹೇಗೆ ಗೊತ್ತಾಗಬೇಕು? ಅಂದಿನಿಂದ ಆವಿಗೆ ನಿಂತಿತು. ಅವಳು ಮಡಕೆ ಮಾಡುತ್ತಿದ್ದಳು, ಆದರೆ ಸುಡುವ ಹಾಗಿಲ್ಲ. ಹಸಿ ಮಡಕೆಗಳು ಅಂಗಳದಲ್ಲಿ ಸಾಲಾಗಿ ನಿಂತವು, ಮಳೆ ಬಂದಾಗ ಕರಗಿ ಮತ್ತೆ ಮಣ್ಣಾದವು. ನಿನಗೆ ನಗು ಬರುತ್ತಿದೆ ಎಂದು ಕಾಣುತ್ತದೆ. ನಗಬೇಡ. ಅವಳು ನಕ್ಕೂ ಇರಲಿಲ್ಲ. ನಕ್ಕರೂ ಕಣ್ಣಲ್ಲಿ ನೀರು ಬರುತ್ತದಲ್ಲ.

ಅದೇ ಕೇರಿಯಲ್ಲಿ ಒಬ್ಬ ಬೆಸ್ತನ ಹೆಂಡತಿ ಇದ್ದಳು. ಬಹಳ ವರ್ಷದ ಹಿಂದೆ ಅವಳ ಮಗನನ್ನೂ ನೀರಿನವಳು ಕರೆದೊಯ್ದಿದ್ದಳು. ಮೂರನೆಯ ದಿನಕ್ಕೆ ಅವನು ತೇಲಿದ. ಆ ಬೆಸ್ತನ ಹೆಂಡತಿ ಒಂದು ಮಧ್ಯಾಹ್ನ ಬಂದು ಕುಂಬಾರಗಿತ್ತಿಯ ಪಕ್ಕ ಕೂತಳು. ಏಳುವಾಗ ಹೇಳಿದಳು: "ನಾನು ಅತ್ತದ್ದು ಒಂದೇ ಸಲ."

ಈ ಮಾತು ಕುಂಬಾರಗಿತ್ತಿಯ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅವಳು ಆಕಳಿಸುವುದನ್ನು ಬಿಟ್ಟಳು. ಖಾರ ಬಿಟ್ಟಳು. ಬಿಸಿಲಿಗೆ ಮುಖ ಎತ್ತುವುದನ್ನು ಬಿಟ್ಟಳು. ನಿದ್ದೆಯಲ್ಲಿ ಎಲ್ಲಿ ಅತ್ತುಬಿಡುತ್ತೇನೋ ಎಂದು ಗೋಡೆಗೊರಗಿ ಕೂತೇ ಮಲಗಿದಳು. ಬೆಳಗ್ಗೆ ಎದ್ದ ತಕ್ಷಣ ಮೊದಲು ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಣಗಿದ್ದರೆ ಆ ದಿನ ಮಗಳು ಬದುಕಿದ್ದಾಳೆ ಎಂದು ಲೆಕ್ಕ.

ಒಂದು ಬೆಳಗ್ಗೆ ಕೆನ್ನೆ ಒದ್ದೆಯಾಗಿತ್ತು. ಸೆಕೆಯ ಕಾಲ, ಬೆವರಿರಬಹುದು. ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟು ನೋಡಿದಳು. ಉಪ್ಪು. ಬೆವರೂ ಉಪ್ಪು, ಕಣ್ಣೀರೂ ಉಪ್ಪು. ಹೇಗೆ ತಿಳಿಯಬೇಕು? ಅವಳು ಎದ್ದುಬಿದ್ದು ಮಡುವಿಗೆ ಓಡಿದಳು. ದಡದಲ್ಲಿ ನಿಂತು ನೀರಿನ ಮೇಲೆ ಏನು ತೇಲುತ್ತದೋ ಎಂದು ನೋಡಿದಳು. ಒಂದು ಒಣಗಿದ ಕೊಂಬೆ ತೇಲಿ ಬಂತು. ಅದು ಕೊಂಬೆ ಎಂದು ಗೊತ್ತಾಗುವಷ್ಟರಲ್ಲಿ ಅವಳ ಜೀವ ಅರ್ಧ ಹೋಗಿತ್ತು. ಸಂಜೆಯವರೆಗೆ ಅಲ್ಲಿಯೇ ನಿಂತಳು. ಬೇರೆ ಏನೂ ತೇಲಲಿಲ್ಲ.

ಮನೆಗೆ ಬಂದು ಒಂದು ಉಪಾಯ ಹುಡುಕಿದಳು. ನೆನಪಾದರೆ ತಾನೆ ಅಳು ಬರುವುದು? ನೆನೆಯುವುದನ್ನೇ ಬಿಟ್ಟರೆ? ಮೊದಲು ಮಗಳ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದನ್ನು ನಿಲ್ಲಿಸಿದಳು. ಆಮೇಲೆ ಅವಳ ನಡಿಗೆ, ಆಮೇಲೆ ಅವಳ ದನಿ, ಅವಳು ಮಣ್ಣು ತುಳಿಯುವಾಗ ಹಾಡುತ್ತಿದ್ದುದು. ಒಂದೊಂದನ್ನೇ ಹೊರಗೆ ಹಾಕಿ ಬಾಗಿಲು ಹಾಕಿದಳು. ಕೊನೆಗೆ ಮನಸ್ಸು ಬರಿದಾಯಿತು. ಭಯ ಒಂದೇ ಉಳಿಯಿತು.

ಊರಿನವರು ಎಂಥ ಗಟ್ಟಿಗಿತ್ತಿ ಎಂದು ಹೊಗಳಿದರು. ಹೊಗಳುವುದಕ್ಕೆ ಜನಕ್ಕೇನು ಕಷ್ಟ? ಕಾವಲು ಕೂರುತ್ತಿದ್ದವರು ಒಬ್ಬೊಬ್ಬರೇ ತಮ್ಮ ಕೆಲಸಕ್ಕೆ ಹೋದರು. ಅವಳನ್ನು ಕಾಯುವ ಅಗತ್ಯವೇ ಇರಲಿಲ್ಲ.

ವರ್ಷ ತುಂಬಿತು. ಒಂದು ಬೆಳಗ್ಗೆ ಮಣ್ಣಿಗೆ ಹೋದ ಹೆಂಗಸರು ಉಸಿರು ಕಟ್ಟಿಕೊಂಡು ಓಡಿಬಂದರು. ಮಡುವಿನ ನಡುವೆ ಇರುವ ಚಪ್ಪಟೆ ಬಂಡೆಯ ಮೇಲೆ ಶಾಮಿಸೊ ಕೂತಿದ್ದಾಳೆ.

ಊರೆಲ್ಲ ದಡದಲ್ಲಿ ಸೇರಿತು. ಹೌದು, ಅವಳೇ. ತಲೆಗೂದಲಿಗೆ ಬಿಳಿ ಮಣ್ಣು ಮೆತ್ತಿತ್ತು. ಮಡಿಲಲ್ಲಿ ಬೇರುಗಳ ಕಟ್ಟು. ಬಟ್ಟೆ ಒಣಗಿತ್ತು, ಪಾದ ಮಾತ್ರ ಇನ್ನೂ ನೀರಿನಲ್ಲಿತ್ತು. ಅವಳು ಯಾರನ್ನೂ ನೋಡಲಿಲ್ಲ, ತಾಯಿಯನ್ನು ಮಾತ್ರ ನೋಡಿದಳು.

ಅಂಬುಯಾ ಕುಂಬಾರಗಿತ್ತಿಯನ್ನು ಮುಂದೆ ತಂದು ನಿಲ್ಲಿಸಿದಳು. "ಅವಧಿ ಮುಗಿಯಿತು ಮಗಳೇ. ಇನ್ನು ಕಟ್ಟಳೆ ಇಲ್ಲ. ಹೊಟ್ಟೆ ತುಂಬ ಅಳು, ಹೆಸರು ಹಿಡಿದು ಕರೆ. ಹೆತ್ತವಳು ಕರೆಯದೆ ಅವಳು ಬಂಡೆಯಿಂದ ದಡಕ್ಕೆ ಬರಲಾರಳು. ಸೂರ್ಯ ನೆತ್ತಿಗೆ ಬಂದರೆ ತಿರುಗಿ ಹೋಗುತ್ತಾಳೆ, ಆಮೇಲೆ ಬರುವುದಿಲ್ಲ. ನನ್ನನ್ನೂ ನನ್ನ ತಾಯಿ ಹೀಗೆಯೇ ಕರೆದಳು."

ಈ ಮಾತು ಬಿದ್ದದ್ದೇ ತಡ, ಹೆಂಗಸರೆಲ್ಲ ಗೋಳೋ ಎಂದು ಅತ್ತರು. ಒಂದು ವರ್ಷ ತಡೆದಿಟ್ಟ ಅಳು. ಗಂಡಸರೂ ಅತ್ತರು. ಬೆಸ್ತನ ಹೆಂಡತಿ ನೆಲಕ್ಕೆ ಬಿದ್ದು ಅತ್ತಳು. ಏನೂ ಆಗಲಿಲ್ಲ. ಹುಡುಗಿ ಹಾಗೆಯೇ ಕೂತಿದ್ದಳು, ಉಸಿರಾಡುತ್ತಿದ್ದಳು, ತಾಯಿಯನ್ನು ನೋಡುತ್ತಿದ್ದಳು.

ಕುಂಬಾರಗಿತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಒಂದು ಯೋಚನೆ ಬಂತು. ದಿನ ಎಣಿಸುವುದರಲ್ಲಿ ಅಜ್ಜಿ ತಪ್ಪಿದ್ದರೆ? ವರ್ಷಕ್ಕೆ ಇನ್ನೂ ಒಂದು ದಿನ ಉಳಿದಿದ್ದರೆ? ಇಷ್ಟು ದಿನ ಕಾದು ಈಗ ಒಂದೇ ಒಂದು ಸಲ ಅತ್ತು, ಕಣ್ಣೆದುರಿಗೇ ಮಗಳು ಮಗುಚಿಕೊಂಡರೆ? ಹೆಸರು ನಾಲಿಗೆಯವರೆಗೆ ಬಂದು ನಿಂತಿತು. ಅವಳ ಕೈ ತಾನಾಗಿಯೇ ಮೇಲೆದ್ದು ಬಂದು ಬಾಯಿಯನ್ನು ಮುಚ್ಚಿತು.

ಅಂಬುಯಾ ಆ ಕೈ ಹಿಡಿದು ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಇನ್ನಿಬ್ಬರು ಹೆಂಗಸರು ಸೇರಿದರು. ಮಣ್ಣು ಮಿದಿದು ಗಟ್ಟಿಯಾದ ಕೈ ಅದು. ಒಂದು ಬೆರಳನ್ನೂ ಬಿಡಿಸಲಾಗಲಿಲ್ಲ.

ಬಂಡೆಯ ಮೇಲಿನ ನೆರಳು ಗಿಡ್ಡವಾಗುತ್ತ ಬಂತು. ಆಗ ಹುಡುಗಿ ಮಾತಾಡಿದಳು.

"ಅವ್ವಾ, ಕೆಳಗೆ ಎಲ್ಲ ಕೇಳಿಸುತ್ತದೆ. ನೀನು ಮಣ್ಣು ತುಳಿಯುವುದು ದಿನವೂ ಕೇಳಿಸುತ್ತಿತ್ತು. ಮೊದಮೊದಲು ನೀನು ನನ್ನ ಹೆಸರನ್ನು ಒಳಗೊಳಗೇ ಹೇಳಿಕೊಳ್ಳುವುದೂ ಕೇಳಿಸುತ್ತಿತ್ತು, ಅದನ್ನು ಕೇಳಿಕೊಂಡೇ ನಿದ್ದೆ ಮಾಡುತ್ತಿದ್ದೆ. ಆಮೇಲೆ ಅದು ನಿಂತಿತು. ಇವತ್ತು ನಾನು ಹೊರಟಾಗ ನೀರಿನವಳು ಅತ್ತಳು, ಅವ್ವಾ. ನೀನು ಕರೆಯುವುದಿಲ್ಲವೇ?"

ಕುಂಬಾರಗಿತ್ತಿಯ ಕಣ್ಣು ಮಗಳ ಮೇಲೆಯೇ ಇತ್ತು. ಒಣಗಿದ ಕಣ್ಣು. ಅವಳ ಎದೆ ಏರಿಳಿಯುವುದು ಎಲ್ಲರಿಗೂ ಕಂಡಿತು. ಕೈ ಮಾತ್ರ ಸರಿಯಲಿಲ್ಲ.

ಸೂರ್ಯ ನೆತ್ತಿಗೆ ಬಂದ. ಹುಡುಗಿ ಬೇರುಗಳ ಕಟ್ಟನ್ನು ಬಂಡೆಯ ಮೇಲೆ ಇಟ್ಟಳು. ಎದ್ದು ನಿಂತು ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನಾಗಿಯೇ ನೀರಿಗೆ ಇಳಿದಳು. ಈ ಸಲ ಅವಳನ್ನು ಯಾರೂ ಎಳೆಯಲಿಲ್ಲ. ಮೊಣಕಾಲು, ಸೊಂಟ, ಕತ್ತು. ಬಳೆಯಷ್ಟು ಅಲೆ ಎದ್ದು, ದೊಡ್ಡದಾಗಿ, ದಡಕ್ಕೆ ಬಂದು ತಾಯಿಯ ಪಾದಕ್ಕೆ ತಾಗಿತು.

ಊರಿನವರು ಒಬ್ಬೊಬ್ಬರೇ ಎದ್ದು ಹೋದರು. ಅವಳ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಕೊನೆಗೆ ಅಂಬುಯಾ ಒಬ್ಬಳೇ ಉಳಿದು ಭುಜ ಮುಟ್ಟಿ ಹೇಳಿದಳು: "ಈಗಲಾದರೂ ಅತ್ತುಬಿಡು. ಇನ್ನು ಯಾರಿಗೆಂದು ತಡೆಯುತ್ತೀ?"

ಕುಂಬಾರಗಿತ್ತಿ ತಲೆ ಅಲ್ಲಾಡಿಸಿದಳು. ಬಾಯಿಯ ಮೇಲಿನ ಕೈ ತೆಗೆಯದೆ ದಡದಲ್ಲಿ ಕೂತಳು. ತಾನು ಅಳದಿದ್ದರೆ ಮಗಳು ಇನ್ನೊಂದು ವರ್ಷಕ್ಕೆ ಬಂದೇ ಬರುತ್ತಾಳೆ ಎಂದು ಅವಳು ಮತ್ತೆ ಕಾಯತೊಡಗಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು. ಅಡವಯ್ಯ ಕೂತಲ್ಲಿಂದಲೇ ಸ್ವಲ್ಪ ಮುಂದೆ ಸರಿದು ಕೇಳಿದ.

"ಕೊನೆಗಾದರೂ ಆ ತಾಯಿ ಅತ್ತಳೇ, ಗುರುಗಳೇ?"

ಗುರುಗಳು ಅವನನ್ನು ನೋಡಿದರು. "ಅದು ಹಾಗಿರಲಿ, ಅಡವಯ್ಯ, ನಿನ್ನ ಬಾಯಿಯ ಮೇಲಿರುವ ಕೈ ಯಾರದು?"