ಹಲಗ ಬೀಗರನ್ನು ಕಳಿಸಿಬರಲು ಹೋದದ್ದು

ಒಂದೂರಲ್ಲಿ ಒಬ್ಬ ಅವ್ವ, ಅವಳಿಗೊಬ್ಬ ಮಗ. ದೇವರು ಬುದ್ಧಿ ಹಂಚುವಾಗ ಆ ಮನೆಗೆ ಇಬ್ಬರ ಪಾಲನ್ನೂ ಕಳಿಸಿದ್ದ, ಅಷ್ಟನ್ನೂ ಅವ್ವ ಮಾಳವ್ವನೇ ಇಟ್ಟುಕೊಂಡುಬಿಟ್ಟಿದ್ದಳು. ಮಗ ಹಲಗನ ಪಾಲಿಗೆ ಉಳಿದದ್ದು ಎರಡು ಕಿವಿ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಮಾಡುವವನು ಅವನು. "ಕದ ನೋಡ್ಕೊಂಡಿರ್ಲಾ" ಎಂದರೆ ಕದವನ್ನೇ ನೋಡುತ್ತ ಕೂರುವನು. ಕಳ್ಳ ಹಿತ್ತಿಲಿಂದ ಬಂದು ಹಂಡೆ ಹೊತ್ತುಕೊಂಡು ಹೋಗುವನು. ಒಮ್ಮೆ ಸಿಟ್ಟು ಬಂದು ಮಾಳವ್ವ, "ಹೋಗ್ಲಾ, ಹೊಳೆಗೆ ಬೀಳು!" ಎಂದುಬಿಟ್ಟಿದ್ದಳು. ಅಂಗಿ ಬಿಚ್ಚಿ, ಮಡಚಿಟ್ಟು, ಹೊರಟೇಬಿಟ್ಟಿದ್ದ. ಅವತ್ತಿನಿಂದ ಎಷ್ಟು ಸಿಟ್ಟು ಬಂದರೂ ಆ ಒಂದು ಬೈಗುಳವನ್ನು ಮಾತ್ರ ಅವಳು ನುಂಗಿಕೊಳ್ಳುತ್ತಿದ್ದಳು.

ಅವಳಿಗಿದ್ದದ್ದು ಒಂದೇ ಆಸೆ. ತಾನು ಕಣ್ಣು ಮುಚ್ಚುವುದರೊಳಗೆ ಇವನಿಗೊಂದು ಮದುವೆ. ಹೊಳೆಯಾಚೆ ಊರಿನ ಚಿಕ್ಕೀರಯ್ಯನಿಗೆ ಮದುವೆಗೆ ಉಳಿದ ಕೊನೆಯ ಮಗಳೊಬ್ಬಳಿದ್ದಳು, ಪುಟ್ಟರತ್ನ ಅಂತ. ಚಿಕ್ಕೀರಯ್ಯ ಹೇಳಿ ಕಳಿಸಿದ್ದ: "ಹುಡುಗ ಒಂದು ಕಡೆ ಕೆಲಸಕ್ಕೆ ನಿಲ್ಲಲಿ ಕನವ್ವ. ದೀಪಾವಳಿ ಕಳೆದ ಮೇಲೆ ಮನೆ ನೋಡೋಕೆ ಬತ್ತೀವಿ."

ಕೆಲಸವೂ ಸಿಕ್ಕಿತು. ಹೊಳೆದಂಡೆಯಲ್ಲಿ ರುದ್ರೇಗೌಡರು ಒಂದು ರೆಸಾರ್ಟು ಕಟ್ಟಿದ್ದರು. ಪೇಟೆಯವರು ಹೆಂಡತಿ ಮಕ್ಕಳು, ಅಜ್ಜಿ ತಾತ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಬಂದು, ದುಡ್ಡು ಕೊಟ್ಟು, ಹೊಳೆ ಪಕ್ಕದಲ್ಲಿ ನಡೆಯುತ್ತಿದ್ದರು. ಅವರಿಗೆ ದಾರಿ ತೋರಿಸುವುದು ಹಲಗನ ಕೆಲಸ. ಹಲಗನಿಗೆ ಆಶ್ಚರ್ಯವೋ ಆಶ್ಚರ್ಯ.

"ಅವ್ವಾ, ಅವರ ತಲೆ ಮೇಲೆ ಹುಲ್ಲಿನ ಹೊರೆ ಇರಲ್ವಾ?"

"ಇಲ್ಲ ಕನ್ಲಾ."

"ಎಮ್ಮೆ ತಪ್ಪಿಸ್ಕೊಂಡಿರಲ್ವಾ?"

"ಇಲ್ಲ ಕನ್ಲಾ."

"ಮತ್ಯಾಕವ್ವ ನಡೀತಾರೆ?"

"ಅವರೂರಲ್ಲಿ ಕಾಲಿಡೋಕೆ ಜಾಗ ಇಲ್ವಂತೆ. ನೀನ್ಯಾಕೆ ಕೇಳ್ತೀಯ? ಗೌಡ್ರು ಹೇಳಿದಂಗೆ ಮಾಡು!"

ಗೌಡರು ಹೇಳಿದರು: "ಮಂಟಪದ ತನಕ ದಾರಿ ತೋರಿಸ್ಕೊಂಡು ಹೋಗಿ ಬಾ." ಹಲಗ ಸರಸರ ಹೋದ, ಮಂಟಪ ಮುಟ್ಟಿದ, ಅಡ್ಡದಾರಿಯಲ್ಲಿ ಬಂದುಬಿಟ್ಟ.

"ಜನ ಎಲ್ಲೋ?"

"ಜನಾನೂ ವಾಪಸ್ಸು ತರಬೇಕಿತ್ತಾ ಬುದ್ಧಿ? ನೀವು ಹೇಳ್ಲಿಲ್ಲ!"

ಜನ ಕಬ್ಬಿನ ಗದ್ದೆಯಲ್ಲಿ ಸಿಕ್ಕಿಕೊಂಡು, "ಕಾಪಾಡಿ!" ಎಂದು ಕೂಗುತ್ತಿದ್ದರು. ಮಾಳವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಅವರ ಮೇಲಿಂದ ಕಣ್ಣು ತೆಗೀಬಾರದು ಕನ್ಲಾ! ಮುಂದೆ ಹೋಗ್ತಿದ್ರೂ ಕಣ್ಣು ಅವರ ಮೇಲೇ ಇರಬೇಕು!"

"ಆಯ್ತವ್ವ, ಹಂಗೇ ಮಾಡ್ತೀನಿ."

ಮುಂದಿನ ಸಲ ಹಲಗ ಜನರ ಕಡೆಗೆ ಮುಖ ಮಾಡಿ ಹಿಂದುಹಿಂದಕ್ಕೆ ನಡೆದ. ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ಲಿ ಹೀಗೇ ನಡೆಯೋದು ಅಂತ ಕಾಣುತ್ತೆ, ಮಂಡಿಗೆ ಒಳ್ಳೆಯದಂತೆ" ಎಂದು ಅವರೂ ಬೆನ್ನು ತಿರುಗಿಸಿ ಹಿಂದುಹಿಂದಕ್ಕೆ ನಡೆದರು. ಎಮ್ಮೆ ಹೊರಳುವ ಕೆಸರಿನ ಗುಂಡಿಗೆ ಮೊದಲು ಹಲಗ ಬಿದ್ದ, ಅವನ ಮೇಲೆ ಅಪ್ಪ, ಅಪ್ಪನ ಮೇಲೆ ಅಮ್ಮ, ಅಮ್ಮನ ಮೇಲೆ ಅಜ್ಜಿ. ಎಲ್ಲರಿಗಿಂತ ಹೆಚ್ಚು ಬೇಜಾರಾದದ್ದು ಎಮ್ಮೆಗೆ.

"ಅಯ್ಯೋ ಪೆದ್ದೇ!" ಎಂದಳು ಮಾಳವ್ವ. "ನೀರು ಕಂಡ್ರೆ, ಕೆಸರು ಕಂಡ್ರೆ, ವಯಸ್ಸಾದವರನ್ನ ಎತ್ಕೊಂಡು ದಾಟಿಸಬೇಕು ಕನ್ಲಾ!"

"ಆಯ್ತವ್ವ, ಹಂಗೇ ಮಾಡ್ತೀನಿ."

ಅದರ ಮುಂದಿನ ಸಲ ಬಂದವರಲ್ಲಿ ದಪ್ಪನೆಯ ರಾಯರೊಬ್ಬರಿದ್ದರು. ದಿನಾ ನಡೆಯದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರಿಂದ ಹೆಂಡತಿ ಅವರನ್ನು ಎಳೆದುಕೊಂಡು ಬಂದಿದ್ದರು. ರೆಸಾರ್ಟಿನ ಬಾಗಿಲು ದಾಟಿದ್ದೇ ಹೊಳೆ. ಹೊಳೆ ಅಂದರೆ ನೀರು. ಹಲಗ ರಾಯರನ್ನು ಬೆನ್ನ ಮೇಲೆ ಹಾಕಿಕೊಂಡ. ಮುಂದೆ ಹೋದರೂ ಪಕ್ಕದಲ್ಲಿ ನೀರು. ಇನ್ನೂ ಮುಂದೆ ಹೋದರೂ ನೀರು. ಹೊಳೆ ಮುಗಿದರೆ ತಾನೆ ಇಳಿಸುವುದು?

"ಇಳಿಸಪ್ಪ ಅವರನ್ನ! ನಡೀಲಿ!" ಎಂದರು ಹೆಂಡತಿ.

"ನೀರಿದೆ ಕನವ್ವ!"

ರಾಯರಿಗೆ ಆಗಲೇ ನಿದ್ದೆ ಹತ್ತಿತ್ತು.

ಗೌಡರು ಕೂಗಾಡಿದರು. ಮಾಳವ್ವ ಮಗನನ್ನು ಎಳೆದು ಕೂರಿಸಿದಳು. ಈ ಕೆಲಸ ಹೋದರೆ ಚಿಕ್ಕೀರಯ್ಯ ಹೆಣ್ಣು ಕೊಟ್ಟಾನೆಯೆ? "ಅಯ್ಯೋ ಪೆದ್ದೇ! ಅವರು ನಡೆಯೋಕೆ ಅಂತಾನೇ ಬರೋದು! ಯಾರನ್ನೂ ಮುಟ್ಟಬೇಡ. ಬಾಯಲ್ಲಿ ಹೇಳು. ಕಂಡಿದ್ದನ್ನೆಲ್ಲಾ ಇದೇನು, ಯಾರದು ಅಂತ ಬಿಡಿಸಿ ಬಿಡಿಸಿ ಹೇಳು. ಪೇಟೆಯವರಿಗೆ ಅದೇ ಖುಷಿ."

"ಆಯ್ತವ್ವ, ಹಂಗೇ ಮಾಡ್ತೀನಿ."

ಹಲಗ ಶುರು ಮಾಡಿದ. "ಇದು ಕಲ್ಲು. ಇದು ಇನ್ನೊಂದು ಕಲ್ಲು. ಇದು ಅತ್ತಿ ಮರ, ಕೋತಿಗಳದು. ಇದು ಕರಿಯಣ್ಣನ ಗದ್ದೆ. ದಿಟವಾಗ್ಲೂ ಅವನ ತಮ್ಮಂದು, ಕರಿಯಣ್ಣ ನುಂಗವ್ನೆ." ಪೇಟೆಯವರು ಆಹಾ ಎಂದರು. "ಎಷ್ಟು ಮುಗ್ಧ!" ಎಂದರು. ಒಂದು ತಿರುವಿನಲ್ಲಿ ನೀರು ಜುಳುಜುಳು ಸದ್ದು ಮಾಡುತ್ತಿತ್ತು. ಅಜ್ಜಿ ಇಳಿದು, ಬೊಗಸೆಯಲ್ಲಿ ನೀರು ಮೊಗೆದು, ತಲೆಗೆ ಪ್ರೋಕ್ಷಿಸಿಕೊಂಡು, ಎಲ್ಲರಿಗೂ ಪ್ರೋಕ್ಷಿಸಿದರು. "ಪಾಪವೆಲ್ಲ ಕಳೀತು! ಇದು ಯಾವ ಝರಿ ಮಗು?"

"ಇದು ಪೈಪು ಅಜ್ಜಿ. ನಮ್ಮ ಗೌಡ್ರದು. ನಿಮ್ಮ ರೂಮಿನ ಕಕ್ಕಸಿನ ನೀರೆಲ್ಲಾ ಇಲ್ಲೇ ಬೀಳೋದು."

ಸಂಜೆಯೊಳಗೆ ರೆಸಾರ್ಟು ಖಾಲಿ. ಹಲಗನ ಕೆಲಸವೂ ಖಾಲಿ.

"ನಾಳೆಯೇ ಬೀಗರು ಬರೋದು!" ಮಾಳವ್ವ ಸೆರಗಲ್ಲಿ ಮೂಗು ಒರೆಸಿಕೊಂಡಳು. "ಕೇಳ್ಲಾ. ಅವರ ಮುಂದೆ ಬಾಯಿ ಬಿಡಬೇಡ. ನಾನು ಬಿಡು ಅನ್ನೋ ತನಕ ಬಿಡಬೇಡ. ಕೆಲಸಕ್ಕೆ ಇವತ್ತು ರಜ ಅಂತ ನಾನೇ ಹೇಳ್ತೀನಿ. ಅವರು ಹೊರಟಾಗ ಕಳಿಸೋಕೆ ಜೊತೆಗೆ ಹೋಗು. ಅರ್ಧಕ್ಕೇ ತಿರುಗಿ ಮಾನ ಕಳೀಬೇಡ. 'ಸಾಕು, ನಿಲ್ಲಪ್ಪ' ಅಂದಮೇಲೇ ನಿಲ್ಲು."

ಚಿಕ್ಕೀರಯ್ಯ ಬಾಮೈದನ ಜೊತೆ ಬಂದ. ಉಂಡ. ಮನೆ ನೋಡಿದ. ಹಲಗ ಬಾಯಿ ಬಿಡಲಿಲ್ಲ. "ಹುಡುಗ ಗಂಭೀರ" ಎಂದ ಚಿಕ್ಕೀರಯ್ಯ. "ತೂಕದ ಮನುಷ್ಯ" ಎಂದ ಬಾಮೈದ. ಹೊರಟರು. ಹಲಗ ಕಳಿಸಲು ಹೊರಟ.

ನೆಂಟರನ್ನು ನೀರು ಕಾಣುವ ತನಕ ಕಳಿಸಿಬರುವುದು ಆ ಕಡೆಯ ಪದ್ಧತಿ. ನೀರು ಕಂಡಿತು. ಹಲಗ ನಿಲ್ಲಲಿಲ್ಲ. ತೆಂಗಿನ ದಿಮ್ಮಿ ಅಡ್ಡ ಹಾಕಿದ ಕಡೆ ಹೊಳೆ ದಾಟಿದರು. ಹಲಗನೂ ದಾಟಿದ.

"ಭಾವ, ಸಾಕು ಅನ್ನಿ" ಎಂದು ಬಾಮೈದ ಪಿಸುಗುಟ್ಟಿದ.

"ನೀನೇ ಅನ್ನು! ಗಂಡಿನ ಕಡೆಯವರಿಗೆ ಹೆಣ್ಣಿನ ಕಡೆಯವರು ಸಾಕು ಅನ್ನೋದುಂಟಾ? ನಾಳೆ ಊರವರು ಆಡ್ಕೋತಾರೆ."

ಯಾರೂ ಅನ್ನಲಿಲ್ಲ. ಹಲಗ ಅವರ ಮನೆ ಬಾಗಿಲಿಗೇ ಬಂದ. ಬಂದ ಗಂಡಿಗೆ ಅನ್ನ ಇಕ್ಕದೆ ಇದ್ದಾರೆಯೆ? ಇಕ್ಕಿದರು, ಚಾಪೆ ಹಾಸಿದರು. ಬೆಳಗಾಯಿತು. ಅವನು ಬಂದದ್ದು ಮನೆಯ ತನಕ; ಇನ್ನು ತಾವು ಹೊಳೆಯಿಂದಲೇ ಹಿಂದಿರುಗಿದರೆ ಮರ್ಯಾದೆ ಉಳಿದೀತೆ? ಚಿಕ್ಕೀರಯ್ಯನೂ ಮನೆಯ ತನಕ ಕಳಿಸಲು ಹೊರಟ. "ಇದೆಂಥ ಗಂಡೋ ನಾನೂ ನೋಡ್ತೀನಿ" ಎಂದು ಪುಟ್ಟರತ್ನ ಬಾಳೆಗೊನೆ ಹೊತ್ತು ಹಿಂದೆಯೇ ಬಂದಳು.

ಮಾಳವ್ವ ಮಗನನ್ನು ಹುಡುಕುತ್ತ ಹೊಳೆದಂಡೆಗೆ ಬಂದಿದ್ದಳು. ನೋಡುತ್ತಾಳೆ, ದಿಮ್ಮಿಯ ಮೇಲೆ ಮುಂದೆ ಮಗ, ಹಿಂದೆ ಹೆಣ್ಣು, ಅದರ ಹಿಂದೆ ಬೀಗರು! "ಅಯ್ಯೋ, ಅವರನ್ನ ಮತ್ತೆ ಕರ್ಕೊಂಡು ಬಂದೆಯಾ? ಸಾಕು, ನಿಲ್ಲಪ್ಪ!"

ಹಲಗ ನಿಂತ. ದಿಮ್ಮಿಯ ನಟ್ಟನಡುವೆ, ಎತ್ತಿದ ಕಾಲು ಎತ್ತಿದ ಹಾಗೇ ನಿಂತ.

"ನಡೀರಿ" ಎಂದಳು ಪುಟ್ಟರತ್ನ. ನಡೆಯಲಿಲ್ಲ. "ಏನಾಯ್ತಪ್ಪ?" ಎಂದ ಚಿಕ್ಕೀರಯ್ಯ. ಬಾಯಿ ಬಿಡಲಿಲ್ಲ.

"ಲೋ, ಹೇಳೀ ಹೇಳೀ ನನ್ನ ಗಂಟಲು ಬತ್ತೋಯ್ತು!" ಎಂದಳು ಮಾಳವ್ವ. "ಇನ್ಮೇಲೆ ಆ ಹುಡುಗಿ ಹೇಳಿದ್ದು ಕೇಳ್ಲಾ!"

ಅದೇ ಹೊತ್ತಿಗೆ ಗೊನೆಯ ಭಾರಕ್ಕೆ ಪುಟ್ಟರತ್ನನ ಕತ್ತು ನೋಯತೊಡಗಿತ್ತು. "ಥೂ, ಹೋಗಿ ಹೊಳೆಗೆ ಬೀಳು!" ಎಂದಳು.

ದೊಬಕ್!

ಎದೆಮಟ್ಟ ನೀರು. ಹಲಗ ಎದ್ದು ನಿಂತು, ಬಾಯಿ ಮುಚ್ಚಿಕೊಂಡೇ, ಮುಂದೇನು ಎಂಬಂತೆ ಅವಳ ಮುಖ ನೋಡಿದ.

ಮಾಳವ್ವ ಕಣ್ಣು ಮುಚ್ಚಿಕೊಂಡಳು. ಹೋಯಿತು ಮದುವೆ!

"ಮಗಾ, ಇವನು ಪೆದ್ದ ಕನವ್ವ! ತಿರುಗು, ಮನೆಗೆ ಹೋಗೋಣ" ಎಂದ ಚಿಕ್ಕೀರಯ್ಯ.

ಪುಟ್ಟರತ್ನ ಯೋಚಿಸಿದಳು. "ನನ್ನ ಅಕ್ಕಂದಿರಿಗೆಲ್ಲಾ ಜಾಣರನ್ನೇ ತಂದ್ಯಲ್ಲಪ್ಪ. ಒಬ್ಬನಾದ್ರೂ ಹೇಳಿದ ಮಾತು ಕೇಳಿದ್ನಾ? ಇವನೇ ಇರಲಿ." ಬಗ್ಗಿ ಗೊನೆಯನ್ನು ಹಲಗನ ತಲೆಯ ಮೇಲಿಟ್ಟಳು. "ಹಿಡ್ಕೊಳ್ಳಿ." ಹಿಡಿದುಕೊಂಡ.

ಮಾಳವ್ವನಿಗೆ ಕುಣಿಯುವಷ್ಟು ಸಂತೋಷ. ಬೀಗರನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋದಳು. ಪಾಯಸ ಮಾಡಿದಳು. ಲಗ್ನ ಗೊತ್ತಾಯಿತು. ಎಲೆ ಅಡಿಕೆ ಬದಲಾಯಿಸಲು ಕೂತರು. ತಟ್ಟೆಗೆ ಬಾಳೆಹಣ್ಣು ಬೇಕಾಯಿತು.

"ಅತ್ತೆ, ಗೊನೆ ಎಲ್ಲಿ?"

ಎಲ್ಲರೂ ಎದ್ದುಬಿದ್ದು ಹೊಳೆಗೆ ಓಡಿದರು. ಮೇಲೆ ಬಾ ಎಂದು ಯಾರೂ ಹೇಳಿರಲಿಲ್ಲ. ಹಲಗ ಎದೆಮಟ್ಟ ನೀರಿನಲ್ಲಿ, ತಲೆಯ ಮೇಲೆ ಗೊನೆ ಹೊತ್ತು, ಹಾಗೇ ನಿಂತಿದ್ದ. ಅವನ ಪಕ್ಕದಲ್ಲಿ ಸಾಲಾಗಿ, ತಲೆಯ ಮೇಲೆ ಒಂದೊಂದು ಚೀಲ ಇಟ್ಟುಕೊಂಡು, ರೆಸಾರ್ಟಿಗೆ ಹೊಸದಾಗಿ ಬಂದು ಆಗ ತಾನೇ ನಡೆಯಲು ಹೊರಟಿದ್ದ ಪೇಟೆಯವರೂ ನಿಂತಿದ್ದರು. ಎಲ್ಲರಿಗಿಂತ ಮುಂದೆ ನಿಂತಿದ್ದವರು, ಹೆಂಡತಿ ಮತ್ತೆ ಎಳೆದುಕೊಂಡು ಬಂದಿದ್ದ ನಮ್ಮ ದಪ್ಪನೆಯ ರಾಯರು. ನಡೆಯುವುದು ತಪ್ಪಿತಲ್ಲ ಎಂದು ಅವರ ಮುಖ ಅರಳಿತ್ತು.

"ಎಷ್ಟು ಹೊತ್ತು ನಿಂತರೆ ಒಳ್ಳೆಯದಪ್ಪ?" ಎಂದು ಅವರು ಕೇಳುತ್ತಿದ್ದರು.

ಹಲಗ ಬಾಯಿ ಬಿಡಲಿಲ್ಲ.