ಚೆಂಡು ನಿಲ್ಲಿಸುವವನು

“ಬುದ್ಧಿ, ಸಂಜೆ ವಚನ ಹಾಡುವುದಕ್ಕೆ ಮರುಳಸಿದ್ಧನ ಬದಲು ಬೇರೆ ಯಾರನ್ನಾದರೂ ಕೂರಿಸಬಾರದೇ?” ಎಂದು ಉಜ್ಜನಪ್ಪ ಗುರುಗಳನ್ನು ಕೇಳಿದ. “ಅವನ ಕಂಠ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಇತ್ತೀಚೆಗೆ ನಡುನಡುವೆ ಲಯ ತಪ್ಪುತ್ತಾನೆ. ಜನ ನಗುತ್ತಾರೆ. ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.”

ಮರುಳಸಿದ್ಧ ಮಠಕ್ಕೆ ಬರುವ ಮೊದಲು ಹಾಡುತ್ತಿದ್ದವನು ಉಜ್ಜನಪ್ಪ. ಈಗ ಮರುಳಸಿದ್ಧ ಹಾಡಿದರೆ ಇವನು ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಿದ್ದ.

“ನಿನ್ನ ಹಾಗೆಯೇ ಇನ್ನೊಬ್ಬರ ಒಳ್ಳೆಯದನ್ನು ಬಯಸಿದವನೊಬ್ಬನ ಕತೆಯಿದೆ, ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಹಾಕಿ ತಂಡವಿತ್ತು. ಆಡಿದ ಪಂದ್ಯಗಳನ್ನೆಲ್ಲ ಸೋಲುತ್ತಿತ್ತು. ಇನ್ನೊಂದು ಸೋತರೆ ತಂಡವನ್ನೇ ಮುಚ್ಚುವುದೆಂದು ನಡೆಸುವವರು ತೀರ್ಮಾನಿಸಿದರು. ಕೊನೆಯ ಪ್ರಯತ್ನವೆಂದು ಹೊಸ ತರಬೇತುದಾರನೊಬ್ಬನನ್ನು ಕರೆತಂದರು.

ಆ ಆಟದಲ್ಲಿ ಪೆನಾಲ್ಟಿ ಕಾರ್ನರ್ ಎಂಬ ಅವಕಾಶವೊಂದು ಸಿಗುತ್ತದೆ. ಒಬ್ಬ ಗೆರೆಯ ಬಳಿಯಿಂದ ಚೆಂಡನ್ನು ತಳ್ಳುತ್ತಾನೆ. ಇನ್ನೊಬ್ಬ ಬಗ್ಗಿ ಅದನ್ನು ಕೋಲಿನಿಂದ ತಡೆದು ನಿಲ್ಲಿಸುತ್ತಾನೆ. ಮತ್ತೊಬ್ಬ ಓಡಿಬಂದು ಗೋಲಿಗೆ ಹೊಡೆಯುತ್ತಾನೆ. ಗೋಲಾದರೆ ಜನ ಹೊಡೆದವನ ಹೆಸರನ್ನು ಕೂಗುತ್ತಾರೆ. ನಿಲ್ಲಿಸಿದವನ ಹೆಸರು ಅವನ ಮನೆಯವರಿಗೆ ನೆನಪಿದ್ದರೆ ಹೆಚ್ಚು.

ಆ ತಂಡದಲ್ಲಿ ಚೆಂಡು ನಿಲ್ಲಿಸುವವನು ಹಿಂದೆ ತಾನೇ ಹೊಡೆಯುತ್ತಿದ್ದವನು. ಅವನಿಗಿಂತ ಚಿಕ್ಕವನೊಬ್ಬ ಬಂದು ಆ ಜಾಗ ಹಿಡಿದಿದ್ದ. ಇವನಿಗೆ ಅದನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ. ಚೆಂಡನ್ನು ನಿಲ್ಲಿಸಿದಂತೆ ಮಾಡಿ, ಕೋಲನ್ನು ಚೂರು ವಾಲಿಸಿ, ಅದು ಒಂದು ಗೇಣು ಉರುಳುವಂತೆ ಬಿಡುತ್ತಿದ್ದ. ಹೊಡೆತ ಗುರಿ ತಪ್ಪುತ್ತಿತ್ತು. ಜನ ಹೊಡೆದವನನ್ನು ಬೈಯುತ್ತಿದ್ದರು. ಆಗ ಇವನೇ ಎಲ್ಲರಿಗಿಂತ ಮೊದಲು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತಿದ್ದ. ತಂಡ ಸೋತಾಗ ತಾನೂ ಸೋತೆನೆಂದು ಅವನಿಗೆ ಅನ್ನಿಸುತ್ತಿರಲಿಲ್ಲ. ಹೊಟ್ಟೆ ತಣ್ಣಗಾಗುತ್ತಿತ್ತು.

ಅಭ್ಯಾಸದ ಹೊತ್ತಿನಲ್ಲಿ ಎಲ್ಲರೂ ಹೊಡೆಯುವವನನ್ನು ನೋಡುತ್ತಿದ್ದರು. ಹೊಸ ತರಬೇತುದಾರ ಚೆಂಡನ್ನು ನೋಡಿದ. ಯಾರಿಗೂ ಏನೂ ಹೇಳಲಿಲ್ಲ.

ಪಂದ್ಯದ ಹಿಂದಿನ ದಿನ ನಿಲ್ಲಿಸುವವನು ತಾನಾಗಿ ಅವನ ಬಳಿ ಬಂದ. “ಸಾರ್, ಆ ಹುಡುಗನ ಕೈಲಿ ಆಗ್ತಿಲ್ಲ. ಅವನನ್ನು ಬದಲಾಯಿಸಿಬಿಡಿ. ಅವನ ಒಳ್ಳೆಯದಕ್ಕೇ ಹೇಳ್ತಿದ್ದೀನಿ.”

“ಆಗಲಪ್ಪ. ನಾಳೆ ನೀನು ಹೊಡಿ, ಅವನು ನಿಲ್ಲಿಸಲಿ” ಎಂದ ತರಬೇತುದಾರ.

ಬಯಸಿದ್ದೇ ಸಿಕ್ಕಿತು. ಆದರೆ ರಾತ್ರಿಯೆಲ್ಲ ಅವನಿಗೆ ನಿದ್ದೆ ಹತ್ತಲಿಲ್ಲ. ಕೋಲು ಎಷ್ಟು ಸುಲಭವಾಗಿ ವಾಲುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮರುದಿನ ಪಂದ್ಯದಲ್ಲಿ ಕಾರ್ನರ್ ಸಿಕ್ಕಿತು. ಓಡಿಬರುವಾಗ ಅವನ ಕಣ್ಣು ಚೆಂಡಿನ ಮೇಲಿರಲಿಲ್ಲ, ಚಿಕ್ಕವನ ಕೈಯ ಮೇಲಿತ್ತು. ಚೆಂಡು ಉರುಳಿಯೇ ಉರುಳುತ್ತದೆಂದು ಒಂದು ಗೇಣು ಆಚೆಗೆ ಕೋಲು ಬೀಸಿದ. ಚೆಂಡು ನಿಲ್ಲಿಸಿದಲ್ಲೇ ಇತ್ತು. ಕೋಲು ನೆಲಕ್ಕೆ ಬಡಿಯಿತು. ಜನ ನಕ್ಕರು.

ಚಿಕ್ಕವನು ಎದ್ದು ಬಂದು, “ನಾನೇ ಸರಿಯಾಗಿ ನಿಲ್ಲಿಸಲಿಲ್ಲ ಅಂತ ಕಾಣ್ಸುತ್ತೆ ಅಣ್ಣ. ಮುಂದಿನ ಸಲ ನೋಡ್ಕೋತೀನಿ” ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ದೊಡ್ಡವನಿಗೆ ತಲೆಯೆತ್ತಲಾಗಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಕಾರ್ನರ್ ಸಿಕ್ಕಿತು. ಯಾರೂ ಹೇಳದೆ ದೊಡ್ಡವನು ಹೋಗಿ ನಿಲ್ಲಿಸುವವನ ಜಾಗದಲ್ಲಿ ಬಗ್ಗಿದ. ಚೆಂಡು ಬಂತು, ನಿಂತಿತು. ಚಿಕ್ಕವನು ಹೊಡೆದ. ಗೋಲಾಯಿತು, ತಂಡ ಉಳಿಯಿತು.

ಜನ ಚಿಕ್ಕವನ ಹೆಸರನ್ನು ಕೂಗಿದರು. ನಿಲ್ಲಿಸಿದವನಿಗೆ ಆಗಲೂ ಹೊಟ್ಟೆ ಉರಿಯಿತು. ಮುಂದೆಯೂ ಎಷ್ಟೋ ಸಲ ಉರಿಯಿತು. ಆದರೆ ಅವನ ಕೋಲು ಮತ್ತೆಂದೂ ವಾಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಉಜ್ಜನಪ್ಪ, “ಹಾಗಾದರೆ ಮರುಳಸಿದ್ಧನ ವಿಚಾರ, ಬುದ್ಧಿ?” ಎಂದು ಮೆಲ್ಲಗೆ ಕೇಳಿದ.

“ಇವತ್ತು ಸಂಜೆ ನೀನು ಹಾಡು, ತಾಳ ಅವನು ಹಾಕಲಿ.”